ನಗೆಗೀಡಾದ ಉಪಕರಣಗಳು

ಜಾತ್ರೆಯಲ್ಲಿ ತೇರು ಎಳೆದಾದ ಮೇಲೆ ಜನ ಮುತ್ತಿಕೊಳ್ಳುವುದು ಮುಖ್ಯವಾಗಿ ಎರಡು ಕಡೆ. ಒಂದು, ಬೆಂಡು ಬತ್ತಾಸಿನ ಅಂಗಡಿ. ಇನ್ನೊಂದು, ನೆಲದ ಮೇಲೆ ಗೋಣಿತಟ್ಟು ಹಾಸಿ, ಸಣ್ಣಪುಟ್ಟ ಸಾಮಾನುಗಳನ್ನು ಹರಡಿಕೊಂಡು, ಗಂಟಲು ಹರಿಯುವಂತೆ ಅವುಗಳ ಮಹಿಮೆಯನ್ನು ಸಾರುವವನ ಸುತ್ತ. ಆಲೂಗಡ್ಡೆಯನ್ನು ಸುರುಳಿ ಸುರುಳಿಯಾಗಿ ಕೊರೆಯುವ ತಗಡು, ನಿಂಬೆಹಣ್ಣಿಗೆ ಚುಚ್ಚಿ ರಸ ಹಿಂಡುವ ಕೊಳವೆ, ಸೂಜಿಗೆ ದಾರ ಪೋಣಿಸುವ ಬಿಲ್ಲೆ - ಅವನ ಕೈಯಲ್ಲಿ ಇವೆಲ್ಲ ಅದ್ಭುತವಾಗಿ ಕೆಲಸ ಮಾಡುತ್ತವೆ. ಮನೆಗೆ ತಂದ ಮೇಲೆ ಅವುಗಳಲ್ಲಿ ಬಹುಪಾಲು ಅಟ್ಟ ಸೇರುತ್ತವೆ. ಆದ್ದರಿಂದ ಇಂಥ ವಸ್ತುಗಳನ್ನು ಕಂಡು ತಿಳಿದವರು ನಗುವುದು ವಾಡಿಕೆಯಾಗಿದೆ. ಆ ನಗುವಿನ ವಿಚಾರವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಆ ನಗು ನ್ಯಾಯವಾದದ್ದೇ. ಹತ್ತನೆಯ ಸಲ ಮಾತ್ರ ಅದು ಯಾರದೋ ಕೈಯಿಂದ ಅವರಿಗೆ ಬೇಕಾದದ್ದನ್ನು ಕಿತ್ತುಕೊಂಡುಬಿಡುತ್ತದೆ.

ನನ್ನ ತಾಯಿ ಕೌದಿ ಹೊಲಿಯುತ್ತಿದ್ದಳು. ಧಾರವಾಡದ ಕಡೆ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಅರಿವೆಗಳನ್ನು ಕೂಡಿಸಿ, ಸಾಲು ಹಿಡಿದು ಹೊಲಿಗೆ ಹಾಕುತ್ತ ಬರುವ ಆ ತಾಳ್ಮೆಯ ಕೆಲಸವನ್ನು ಕಂಡವರು ಬಲ್ಲರು. ಒಂದು ಕೌದಿಗೆ ಸಾವಿರಾರು ಹೊಲಿಗೆ. ದಾರ ಮುಗಿದಾಗಲೆಲ್ಲ ಸೂಜಿಗೆ ಮತ್ತೆ ಪೋಣಿಸಬೇಕು. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿರುಸಾಗುತ್ತ ಬಂದು, ಹತ್ತಿರದ ವಸ್ತುವಿನ ಮೇಲೆ ದೃಷ್ಟಿ ನಿಲ್ಲಿಸುವ ಶಕ್ತಿ ಕುಂದುತ್ತದೆ. ನಮ್ಮ ಜನ ಇದನ್ನು ಚಾಳೀಸು ಎಂದು ಕರೆಯುತ್ತಾರೆ. ಅವ್ವನಿಗೆ ಚಾಳೀಸು ಬಂತು, ಕನ್ನಡಕವೂ ಬಂತು. ಅದರ ಹಿಂದೆಯೇ ಬೆರಳುಗಳಿಗೆ ನಡುಕ ಬಂತು. ಆಗ ಮಕ್ಕಳಾದ ನಾವು ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕಾಗಿತ್ತು. ಹತ್ತೂ ಮುಗಿದರೆ ನಾವು ಬರುವ ತನಕ ಕೆಲಸ ನಿಲ್ಲುತ್ತಿತ್ತು.

ಅಂಥದೊಂದು ವರ್ಷ ಜಾತ್ರೆಯಲ್ಲಿ ಅವ್ವ ಆ ಬಿಲ್ಲೆಯನ್ನು ಕೈಗೆತ್ತಿಕೊಂಡಳು. ನಾಣ್ಯದಷ್ಟಗಲದ ತಗಡು, ಅದರ ಮೇಲೆ ಒಬ್ಬ ಹೆಂಗಸಿನ ಮುಖದ ಅಚ್ಚು, ತುದಿಯಲ್ಲಿ ಕೂದಲೆಳೆಯಂಥ ಒಂದು ತಂತಿಯ ಕುಣಿಕೆ. ಆಗಷ್ಟೇ ಕಾಲೇಜು ಸೇರಿದ್ದ ನಾನು ನಕ್ಕೆ. "ಅವ್ವಾ, ಸೂಜಿ ಪೋಣಸಲಿಕ್ಕೂ ಒಂದು ಮಷೀನ ಬೇಕೇನು?" ಎಂದೆ. ಸುತ್ತ ನಿಂತವರೂ ನಕ್ಕರು. ಅವ್ವ ತಾನೂ ನಕ್ಕು, ಬಿಲ್ಲೆಯನ್ನು ಗೋಣಿತಟ್ಟಿನ ಮೇಲೆ ಇಟ್ಟುಬಿಟ್ಟಳು.

ಈ ಕಥೆಯ ಉಳಿದ ಭಾಗಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು, ನನ್ನ ಹಾಗೆಯೇ ಲೋಕವೂ ನಕ್ಕ, ಇಲ್ಲವೆ ನಗಬಹುದಾಗಿದ್ದ ಕೆಲವು ವಸ್ತುಗಳನ್ನು ನೋಡೋಣ.

ಬಾಗುವ ಹೀರುಗೊಳವೆಯನ್ನೇ ತೆಗೆದುಕೊಳ್ಳಿ. ಎಳನೀರಿಗೋ ತಂಪುಪಾನೀಯಕ್ಕೋ ಹಾಕಿ ಕೊಡುವ, ಕುತ್ತಿಗೆಯ ಬಳಿ ನೆರಿಗೆಗಳಿರುವ ಆ ಸ್ಟ್ರಾ. ನೇರವಾದ ಕೊಳವೆಯಲ್ಲಿ ಕುಡಿಯಲು ಆಗದೆ ಯಾರಿಗೆ ಏನು ಕಷ್ಟವಾಗಿತ್ತು, ಅದಕ್ಕೊಂದು ನೆರಿಗೆ ಏಕೆ ಎಂದು ಕೇಳಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋಸೆಫ್ ಫ್ರೀಡ್‌ಮನ್ ಎಂಬಾತನ ತಮ್ಮ ತಂಪುಪಾನೀಯದ ಅಂಗಡಿ ಇಟ್ಟಿದ್ದ. 1930ರ ದಶಕದಲ್ಲಿ ಒಮ್ಮೆ ಫ್ರೀಡ್‌ಮನ್ ತನ್ನ ಪುಟ್ಟ ಮಗಳನ್ನು ಅಲ್ಲಿಗೆ ಕರೆದೊಯ್ದಿದ್ದ. ಮೇಜು ಎತ್ತರ, ಮಗು ಗಿಡ್ಡ. ಉದ್ದನೆಯ ಕಾಗದದ ಕೊಳವೆಯ ತುದಿ ಅವಳ ಬಾಯಿಗೆ ಎಟುಕಲೊಲ್ಲದು. ತಂದೆ ಇದನ್ನು ನೋಡಿದ. ಕೊಳವೆಯೊಳಗೆ ಒಂದು ತಿರುಪುಮೊಳೆಯನ್ನು ತೂರಿಸಿ, ಹೊರಗಿನಿಂದ ತಿರುಪಿನ ಗೆರೆಗಳ ಗುಂಟ ಹಲ್ಲು ಶುಚಿಮಾಡುವ ದಾರವನ್ನು ಬಿಗಿಯಾಗಿ ಸುತ್ತಿ, ಮೊಳೆಯನ್ನು ಹೊರಕ್ಕೆ ತೆಗೆದ. ಕಾಗದದಲ್ಲಿ ನೆರಿಗೆಗಳು ಮೂಡಿದ್ದವು. ಈಗ ಕೊಳವೆ ಮುರಿಯದೆ ಮಗುವಿನ ಕಡೆಗೆ ಬಾಗಿತು. 1937ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು.

ಇಲ್ಲಿಯವರೆಗೆ ಇದು ಮಗುವನ್ನು ರಮಿಸುವ ಆಟವೆನ್ನಿಸಬಹುದು. ಆದರೆ 1947ರಲ್ಲಿ ಈ ಕೊಳವೆಯನ್ನು ಮೊದಲು ಕೊಂಡದ್ದು ಪಾನೀಯದ ಅಂಗಡಿಯಲ್ಲ, ಒಂದು ಆಸ್ಪತ್ರೆ. ಅಂಗಾತ ಮಲಗಿದ ರೋಗಿಯ ದೃಷ್ಟಿಯಿಂದ ಯೋಚಿಸಿದರೆ ಕಾರಣ ಹೊಳೆಯುತ್ತದೆ. ಬೆನ್ನೆಲುಬು ಮುರಿದವನು, ಶಸ್ತ್ರಚಿಕಿತ್ಸೆಯಾದವನು ಒಂದು ಗುಟುಕು ನೀರಿಗಾಗಿ ಯಾರನ್ನಾದರೂ ಕರೆದು, ತಲೆ ಎತ್ತಿಸಿಕೊಂಡು ಕುಡಿಯಬೇಕು. ರಾತ್ರಿ ಎರಡು ಗಂಟೆಗೆ ಬಾಯಾರಿದರೆ ಕರೆಯಲೋ ಬೇಡವೋ ಎಂಬ ಸಂಕೋಚ. ಆ ನಾಲ್ಕಾರು ನೆರಿಗೆಗಳು ಈ ಸಂಕೋಚವನ್ನು ಇಲ್ಲವಾಗಿಸಿದವು. ಪ್ಲಾಸ್ಟಿಕ್ಕಿನ ಕೊಳವೆಗಳು ನೆಲಜಲಗಳನ್ನು ಕೆಡಿಸುವುದು ಕಂಡು ಅನೇಕ ಕಡೆ ಅವುಗಳನ್ನು ನಿಷೇಧಿಸಿದ್ದಾರೆ. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಈ ನಿಷೇಧ ಜಾರಿಗೆ ಬಂತು. ಅದು ಸರಿಯೇ. ಆದರೆ 2018ರಲ್ಲಿ ಅಮೆರಿಕದ ಸಿಯಾಟಲ್ ನಗರ ಇಂಥ ನಿಷೇಧ ತಂದಾಗ, ಕೈ ಸ್ವಾಧೀನವಿಲ್ಲದವರು ಎದ್ದುನಿಂತು, ನಿಮಗೆ ಶೋಕಿಯಾದದ್ದು ನಮಗೆ ನೀರು ಎಂಬರ್ಥದ ಮಾತನ್ನಾಡಬೇಕಾಯಿತು. ಫ್ರೀಡ್‌ಮನ್ನನ ಮೊದಲ ಕೊಳವೆ ಕಾಗದದ್ದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಪ್ಲಾಸ್ಟಿಕ್ಕನ್ನು ಬಿಡಬೇಕೆಂದರೆ ಆ ನೆರಿಗೆಯನ್ನೂ ಬಿಡಬೇಕೆಂದೇನೂ ಇಲ್ಲ.

ಬರೆಯುವವರಿಗೆ ಪ್ರಿಯವಾದ ಇನ್ನೊಂದು ಉದಾಹರಣೆಯಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಪೆಲ್ಲೆಗ್ರೀನೋ ಟುರ್ರಿ ಎಂಬಾತನಿಗೆ ಕರೋಲಿನಾ ಫಂತೋನಿ ಎಂಬ ಶ್ರೀಮಂತ ಮಹಿಳೆಯ ಸ್ನೇಹವಿತ್ತು. ಆಕೆಗೆ ದೃಷ್ಟಿ ಹೋಗಿತ್ತು. ಕಣ್ಣಿಲ್ಲದವರು ಪತ್ರ ಬರೆಯಬೇಕೆಂದರೆ ಅದನ್ನು ಇನ್ನೊಬ್ಬರ ಮುಂದೆ ಹೇಳಿ ಬರೆಸಬೇಕು. ಹಾಗೆ ಹೇಳಿ ಬರೆಸಿದ ಪತ್ರದಲ್ಲಿ ಮನಸ್ಸಿನ ಮಾತು ಎಷ್ಟು ಬಂದೀತು? ಟುರ್ರಿ ಅವಳಿಗಾಗಿ ಅಕ್ಷರಗಳನ್ನು ಒತ್ತುವ ಒಂದು ಯಂತ್ರ ಮಾಡಿಕೊಟ್ಟ. ಆ ಯಂತ್ರ ಉಳಿದಿಲ್ಲ. 1808ರಿಂದ ಮುಂದೆ ಆಕೆ ಅದರಲ್ಲಿ ಬರೆದ ಕೆಲವು ಪತ್ರಗಳು ಮಾತ್ರ ಇಂದಿಗೂ ಇವೆ. ಬೆರಳಚ್ಚು ಯಂತ್ರ ಲೋಕದ ಕಚೇರಿಗಳನ್ನು ತುಂಬುವುದಕ್ಕೆ ಎಷ್ಟೋ ದಶಕ ಮೊದಲು, ಅದು ಒಬ್ಬ ಹೆಣ್ಣುಮಗಳ ಗುಟ್ಟನ್ನು ಕಾಯುವ ಸಾಧನವಾಗಿತ್ತು.

ಆಮೇಲೆ ಬಂದ ಇನ್ನೊಂದು ಯಂತ್ರದ ರೂಪವಂತೂ ನೋಡಿದವರಿಗೆ ನಗು ಬರುವಂಥದು. ಡೆನ್ಮಾರ್ಕಿನ ರಾಸ್ಮುಸ್ ಮಾಲಿಂಗ್-ಹಾನ್ಸೆನ್ ಕ್ರೈಸ್ತ ಪಾದ್ರಿ, ಕೋಪನ್‌ಹೇಗನ್ನಿನ ಕಿವುಡರ ಶಾಲೆಯ ಮುಖ್ಯಸ್ಥ. ಅಲ್ಲಿಯ ಮಕ್ಕಳು ಬೆರಳುಗಳಿಂದ ಅಕ್ಷರ ತೋರಿಸುತ್ತ ಮಾತನಾಡುವ ವೇಗಕ್ಕೆ ಲೇಖನಿ ಸಾಟಿಯಾಗದೆಂದು ಕಂಡ ಆತ, ಬೆರಳುಗಳೇ ಬರೆಯುವಂತಾದರೆ ಹೇಗೆಂದು ಯೋಚಿಸಿದ. 1870ರಲ್ಲಿ ಪೇಟೆಂಟ್ ಪಡೆದ ಅವನ 'ಬರೆಯುವ ಗೋಲ' ಲೋಹದ ಒಂದು ಅರ್ಧಗೋಲ. ಅದರ ಮೈತುಂಬ ಮುಳ್ಳುಹಂದಿಗೆ ಮುಳ್ಳೆದ್ದಂತೆ 52 ಕೀಲಿಗಳು. ಈ ವಿಚಿತ್ರ ವಸ್ತುವನ್ನು 1882ರಲ್ಲಿ ತರಿಸಿಕೊಂಡವರಲ್ಲಿ ಜರ್ಮನಿಯ ತತ್ತ್ವಜ್ಞಾನಿ ನೀಚೆಯೂ ಒಬ್ಬ. ಅವನಿಗೆ ಆಗ ಕಣ್ಣು ಮಂಜಾಗಿ, ಬರೆಯಲು ಕೂತರೆ ತಲೆನೋವು. ಯಂತ್ರ ದಾರಿಯಲ್ಲಿಯೇ ಪೆಟ್ಟು ತಿಂದಿದ್ದರಿಂದ ಅವನು ಅದರಲ್ಲಿ ಬರೆದದ್ದು ಕೆಲವು ವಾರ ಮಾತ್ರ. ಆದರೂ ಆ ವಾರಗಳಲ್ಲಿ ಅವನು ಕಣ್ಣನ್ನು ನಂಬದೆ, ಬೆರಳನ್ನು ನಂಬಿ ಬರೆದ.

ಕೊರತೆ ಯಾವಾಗಲೂ ದೇಹದಲ್ಲಿಯೇ ಇರಬೇಕೆಂದಿಲ್ಲ, ಊರಿನಲ್ಲಿಯೂ ಇರಬಹುದು. ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಎರಡು ತೂತು ಹೊಡೆದು, ದಾರ ಪೋಣಿಸಿ, ಎರಡೂ ಕೈಗಳಿಂದ ಎಳೆದೆಳೆದು ಗುಂಯ್ ಎನ್ನಿಸಿದ ಆಟ ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಹುರಿಗೊಂಡ ದಾರವನ್ನು ಎಳೆದಾಗ ಬಿಲ್ಲೆ ತಿರುಗುತ್ತದೆ. ತಿರುಗಿದ ರಭಸದಲ್ಲಿಯೇ ದಾರ ಮತ್ತೆ ಎದುರು ದಿಕ್ಕಿಗೆ ಹುರಿಗೊಳ್ಳುತ್ತದೆ. ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ 2013ರಲ್ಲಿ ಆಫ್ರಿಕಾದ ಉಗಾಂಡಕ್ಕೆ ಹೋಗಿದ್ದಾಗ, ಒಂದು ಆರೋಗ್ಯ ಕೇಂದ್ರದಲ್ಲಿ ರಕ್ತವನ್ನು ಗರಗರನೆ ತಿರುಗಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಬೆಲೆಬಾಳುವ ಯಂತ್ರವನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟದ್ದು ಕಂಡರು. ಅಲ್ಲಿ ವಿದ್ಯುತ್ತೇ ಇರಲಿಲ್ಲ. 2017ರಲ್ಲಿ ಅವರೂ ಅವರ ಸಂಗಡಿಗರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ತಮ್ಮ ಉತ್ತರವನ್ನು ಪ್ರಕಟಿಸಿದರು. ಆ ಉತ್ತರ ನಮ್ಮ ಸೋಡಾ ಮುಚ್ಚಳದ ಆಟವೇ. ಕಾಗದದ ಬಿಲ್ಲೆ, ದಾರ, ಹಿಡಿಕೆಗಳು, ಬಿಲ್ಲೆಗೆ ಅಂಟಿಸಿದ ಸೂಕ್ಷ್ಮ ನಳಿಕೆಯಲ್ಲಿ ಒಂದು ಹನಿ ರಕ್ತ. ತೂಕ 2 ಗ್ರಾಂ, ಖರ್ಚು 20 ಸೆಂಟ್. ಕೈಯಿಂದ ಎಳೆದರೆ ಅದು ನಿಮಿಷಕ್ಕೆ 1,25,000 ಸುತ್ತಿನ ವೇಗ ಮುಟ್ಟಿತು. ಒಂದೂವರೆ ನಿಮಿಷದಲ್ಲಿ ರಕ್ತಕಣ ಬೇರೆ, ರಕ್ತದ ತಿಳಿ ಬೇರೆ. ಮಕ್ಕಳಾಟವೆಂದು ನಕ್ಕಿದ್ದರೆ ಮಲೇರಿಯಾ ಪತ್ತೆಗೆ ನೆರವಾಗಬಲ್ಲ ಒಂದು ಉಪಕರಣ ಆಟಿಕೆಯಾಗಿಯೇ ಉಳಿಯುತ್ತಿತ್ತು.

ಹಾಗೆಂದು ಜಾತ್ರೆಯವನು ಕೂಗಿದ್ದೆಲ್ಲ ನಿಜವೆಂದು ನಾನು ಹೇಳುತ್ತಿಲ್ಲ. 2016ರಲ್ಲಿ ಅಮೆರಿಕದ ಒಂದು ಕಂಪನಿ ಹಣ್ಣುತರಕಾರಿಯ ರಸ ಹಿಂಡುವ ಯಂತ್ರವನ್ನು 699 ಡಾಲರಿಗೆ ಮಾರುಕಟ್ಟೆಗೆ ತಂದಿತು. ಹೆಚ್ಚಿದ ಹಣ್ಣಿನ ಚೀಲವನ್ನು ಅದರೊಳಗಿಟ್ಟರೆ ರಸ ಇಳಿಯುತ್ತಿತ್ತು. ನೋಟ ಗಂಭೀರ, ಮೈ ನುಣುಪು. ಮರುವರ್ಷ ಪತ್ರಕರ್ತರು ಆ ಚೀಲವನ್ನು ಬರಿಗೈಯಿಂದ ಹಿಂಡಿ ತೋರಿಸಿದರು. ರಸ ಹೆಚ್ಚುಕಡಿಮೆ ಅಷ್ಟೇ ಬಂತು. ಅದೇ ವರ್ಷ ಕಂಪನಿ ಬಾಗಿಲು ಹಾಕಿತು. ತಗಡಿನ ಬಿಲ್ಲೆಯನ್ನು ಕಂಡು ನಕ್ಕವರಲ್ಲಿ ಎಷ್ಟು ಜನ ಈ ಯಂತ್ರವನ್ನು ಕಂಡು ನಗುತ್ತಿದ್ದರೋ ನನಗೆ ಅನುಮಾನ. ನಮ್ಮ ನಗು ಬಹಳ ಸಲ ವಸ್ತುವಿನ ಉಪಯೋಗವನ್ನು ತೂಗುವುದಿಲ್ಲ, ಅದರ ಬೆಲೆಯನ್ನೂ ಥಳುಕನ್ನೂ ತೂಗುತ್ತದೆ.

ಹಾಗಾದರೆ ಕಾಳು ಯಾವುದು, ಜೊಳ್ಳು ಯಾವುದು? ಜಪಾನಿನ ಕೆಂಜಿ ಕವಾಕಾಮಿ ಎಂಬ ವಿನೋದಶೀಲ, ಬೇಕೆಂದೇ ನಗೆಪಾಟಲಿನ ಉಪಕರಣಗಳನ್ನು ಕಲ್ಪಿಸುವ 'ಚಿಂದೋಗು' ಎಂಬ ಕಲೆಯನ್ನು ಬೆಳೆಸಿದ. ಬಿಸಿ ಶಾವಿಗೆಯನ್ನು ಆರಿಸಲು ಊಟದ ಕಡ್ಡಿಗೆ ಕಟ್ಟಿದ ಪುಟ್ಟ ಬೀಸಣಿಗೆ ಅಂಥದೊಂದು. 1995ರಲ್ಲಿ ಬಂದ ಅವನ ಪುಸ್ತಕದಲ್ಲಿ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳಲು ಕ್ಯಾಮೆರಾ ಕಟ್ಟಿದ ಒಂದು ಕೋಲೂ ಇದೆ. ಓದುಗರು ನಕ್ಕರು. ಇಪ್ಪತ್ತು ವರ್ಷದೊಳಗೆ ಸೆಲ್ಫಿ ಕೋಲು ಲೋಕದ ಬೀದಿಬೀದಿಯಲ್ಲಿ ಮಾರಾಟವಾಯಿತು. ಇನ್ನೂ ಹಿಂದೆ, 1980ರ ದಶಕದ ಆರಂಭದಲ್ಲಿಯೇ, ಜಪಾನಿನ ಹಿರೋಷಿ ಉಯೆದಾ ಎಂಬ ಕ್ಯಾಮೆರಾ ತಂತ್ರಜ್ಞ ಇಂಥದೇ ಕೋಲನ್ನು ರೂಪಿಸಿ ಪೇಟೆಂಟ್ ಪಡೆದಿದ್ದ. ಪ್ಯಾರಿಸ್ಸಿನಲ್ಲಿ ತಮ್ಮ ಚಿತ್ರ ತೆಗೆಯಲು ಒಬ್ಬ ಹುಡುಗನ ಕೈಗೆ ಅವನು ಕ್ಯಾಮೆರಾ ಕೊಟ್ಟಾಗ, ಹುಡುಗ ಅದರೊಂದಿಗೆ ಓಟ ಕಿತ್ತಿದ್ದನಂತೆ. ಆ ಕೋಲು ಆಗ ಮಾರಾಟವಾಗಲಿಲ್ಲ.

ಈ ಕೋಲಿನಿಂದ ಹಿಡಿದು ಹೀರುಗೊಳವೆ, ಬೆರಳಚ್ಚು, ಕಾಗದದ ಬಿಲ್ಲೆಗಳವರೆಗೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಸಾಮ್ಯ ಕಾಣುತ್ತದೆ. ಇವು ಯಾವುವೂ ಆಗದ ಕೆಲಸವನ್ನು ಆಗಮಾಡಿದವಲ್ಲ. ನೀರನ್ನು ಯಾರಾದರೂ ಕುಡಿಸಬಹುದಾಗಿತ್ತು, ಪತ್ರವನ್ನು ಯಾರಾದರೂ ಬರೆದುಕೊಡಬಹುದಾಗಿತ್ತು, ರಕ್ತವನ್ನು ದೂರದ ಪಟ್ಟಣಕ್ಕೆ ಕಳಿಸಬಹುದಾಗಿತ್ತು. ಇವು ಮಾಡಿದ್ದು ಇಷ್ಟೇ: ಇನ್ನೊಬ್ಬರನ್ನು ಕೇಳುವ, ಕಾಯುವ ಪ್ರಮೇಯವನ್ನು ತಪ್ಪಿಸಿದವು. ಕೇಳಬೇಕಾದ ಕಷ್ಟ ಇಲ್ಲದವನಿಗೆ ಇವು ಆಟಿಕೆಯಾಗಿ ಕಾಣುವುದು ಸಹಜ. ಅವನು ನಗುವಾಗ ಉಪಕರಣವನ್ನು ನೋಡಿರುತ್ತಾನೆ, ಅದನ್ನು ಹಿಡಿದ ಕೈಯನ್ನು ನೋಡಿರುವುದಿಲ್ಲ.

ಇನ್ನು ನನ್ನ ಕಥೆಯ ಉಳಿದ ಭಾಗ. ಮಕ್ಕಳೆಲ್ಲ ಓದು, ನೌಕರಿ ಎಂದು ಊರು ಬಿಟ್ಟೆವು. ಒಂದು ವರ್ಷ ರಜೆಗೆ ಹೋದಾಗ ಅರ್ಧ ಹೊಲಿದ ಕೌದಿಯೊಂದು ಟ್ರಂಕಿನ ಮೇಲೆ ಮಡಿಚಿಟ್ಟದ್ದು ಕಂಡಿತು. ವಯಸ್ಸಾಯಿತು, ಅವ್ವನಿಗೆ ಇನ್ನು ಹೊಲಿಯುವ ಉಮೇದಿಲ್ಲವೆಂದುಕೊಂಡು ಸುಮ್ಮನಾದೆ. ಹಲವು ವರ್ಷಗಳ ಮೇಲೆ ಪರಊರಿನ ವಸತಿಗೃಹವೊಂದರಲ್ಲಿ ಅಂಗಿಯ ಗುಂಡಿ ಹಚ್ಚಿಕೊಳ್ಳಲು ಹೋಗಿ, ದೀಪದ ಕೆಳಗೆ ಕಾಲು ಗಂಟೆ ಒದ್ದಾಡಿದರೂ ದಾರ ಸೂಜಿಯ ಕಣ್ಣನ್ನು ಹೊಗಲಿಲ್ಲ. ನನಗೂ ಚಾಳೀಸು ಬಂದಿತ್ತು. ಜಾತ್ರೆಯ ಆ ನಗು ಅಂದು ನನಗೆ ಮೊದಲ ಸಲ ಕೇಳಿಸಿತು.

ಮರುದಿನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅಂಥ ಎರಡು ಬಿಲ್ಲೆಗಳನ್ನು ಕೊಂಡೆ. ಊರಿಗೆ ಹೋದಾಗ ಅವ್ವನ ಕೈಗಿತ್ತೆ. ಅವಳು ಹಳೆಯದನ್ನೇನೂ ಎತ್ತಲಿಲ್ಲ. ತಂತಿಯ ಕುಣಿಕೆಯನ್ನು ಸೂಜಿಯ ಕಣ್ಣಿನಲ್ಲಿ ತೂರಿಸಿದಳು. ಆಚೆ ಬದಿಗೆ ಅದು ಅರಳಿಕೊಂಡಿತು. ನಡುಗುವ ಬೆರಳಿಗೂ ಸಿಕ್ಕುವಷ್ಟು ಅಗಲವಾದ ಆ ಕುಣಿಕೆಯೊಳಗೆ ದಾರ ಹಾಕಿ ಹಿಂದಕ್ಕೆಳೆದಳು. ದಾರ ಬಂತು. ಎರಡನೆಯ ಸೂಜಿಗೂ ಪೋಣಿಸಿ, ದಿಂಬಿಗೆ ಚುಚ್ಚಿ, "ಇನ್ನ ಯಾರನ್ನೂ ಕರೀಬೇಕಾಗಿಲ್ಲ ನೋಡು" ಎಂದಳು. ಆ ಕೌದಿ ಅದೇ ಮಳೆಗಾಲದಲ್ಲಿ ಮುಗಿಯಿತು.