ಕಚ್ಚಾ ಚೀಟಿ, ಪಕ್ಕಾ ಬಿಲ್

ಮುಂಬಯಿ ಹಾಗೂ ಅದರ ಉಪನಗರಗಳಲ್ಲಿ ಮಳೆಗಾಲಕ್ಕೆ ಮುನ್ನ ಮನೆ ದುರಸ್ತಿಯ ಮಾತು ‘ಎಸ್ಟಿಮೇಟ್’ನಿಂದ ಆರಂಭವಾಗುತ್ತದೆ. ಇದು ಅಂದಾಜು ಮಾತ್ರ. ಗೋಡೆ ಒಡೆದ ಮೇಲೆ ಏರಬಹುದು. ‘ಕೊಟೇಶನ್’ ಎಂದರೆ ಗೊತ್ತುಪಡಿಸಿದ ಕೆಲಸಕ್ಕೆ ಲಿಖಿತವಾಗಿ ಹೇಳಿದ ದರ. ಅದರಲ್ಲಿ ಕೂಲಿಯಷ್ಟೇ ಸೇರಿದೆಯೋ ಸಾಮಗ್ರಿಯೂ ಸೇರಿದೆಯೋ ಎಂಬುದನ್ನು ಬರೆಸದಿದ್ದಲ್ಲಿ ಜಗಳ ತಪ್ಪದು. ಮರಳಿನ ಬೆಲೆಯನ್ನು ‘ಬ್ರಾಸ್’ ಲೆಕ್ಕದಲ್ಲಿ ಹೇಳುವುದುಂಟು. ಒಂದು ಬ್ರಾಸ್ ಎಂದರೆ 100 ಘನ ಅಡಿ.

ಹೆಸರು, ಸಹಿ ಯಾವುದೂ ಇಲ್ಲದ ‘ಕಚ್ಚಾ ಬಿಲ್’ ಇಬ್ಬರಿಗೂ ತೊಡಕಿನದು. ಹಣ ತೆತ್ತುದಕ್ಕೆ ಗ್ರಾಹಕನಿಗೆ ಪುರಾವೆಯಿಲ್ಲ, ಬಾಕಿ ಕೇಳಲು ಕೆಲಸಗಾರನಿಗೆ ಆಧಾರವಿಲ್ಲ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯನ್ನು ನೋಂದಣಿ ಪಡೆಯದವರು ವಸೂಲು ಮಾಡುವಂತಿಲ್ಲ. ತೆರಿಗೆ ಹಾಕಿದ ಪಕ್ಕಾ ಬಿಲ್ಲಿನಲ್ಲಿ ಅಂಕಿ, ಅಕ್ಷರ ಸೇರಿ 15 ಸ್ಥಾನಗಳ ನೋಂದಣಿ ಸಂಖ್ಯೆ ಇರಲೇಬೇಕು.