ನೆಲ ಮುಟ್ಟದ ನೆತ್ತರು

ಶೇಂಗಾ ಬಳ್ಳಿ ಬಣವೆ ಸೇರಿ ಹೊಲಗಳು ಬರಿದಾದ ಮೇಲೆ, ಚಿತ್ರದುರ್ಗ ಸೀಮೆಯ ತಳಕಿನ ಸುತ್ತಲಿನ ಬಯಲಿಗೆ ಬಯಲಾಟದ ಕಾಲ ಬರುತ್ತದೆ. ಬನ್ನಿ, ಈ ಕರಿಕಂಬಳಿಯ ಅಂಚಿಗೆ ನೀವೂ ಕೂತುಕೊಳ್ಳಿ. ಮಿರ್ಚಿ ಬಾಣಲೆಯ ಹೊಗೆ ಗಾಳಿಗೆ ಇತ್ತ ತಿರುಗುತ್ತದೆ, ಹುರಿದ ಶೇಂಗಾ ಕೈಯಿಂದ ಕೈಗೆ ಹೋಗುತ್ತದೆ, ಅಜ್ಜಿಯರ ತೊಡೆಯ ಮೇಲೆ ಆಗಲೇ ಒಂದೆರಡು ಮಕ್ಕಳು ನಿದ್ದೆಗೆ ಜಾರಿವೆ. ಆಟದ ಅಟ್ಟದ ಹಿಂದೆ ಹಗಲೆಲ್ಲ ಕುರಿ ಕಾಯ್ದವನೊಬ್ಬ ಕಣ್ಣ ಸುತ್ತ ಕಾಡಿಗೆ ತೀಡಿಸಿಕೊಂಡು, ಮಿರಿಮಿರಿ ಮಿಂಚುವ ಭುಜಕೀರ್ತಿಯ ಹುರಿಯನ್ನು ಬಿಗಿಸಿಕೊಳ್ಳುತ್ತಿದ್ದಾನೆ. ಮುಖವೀಣೆ ಎಳೆದು, ಮದ್ದಳೆ ಗುಡುಗಿ, ತೆರೆಯ ಹಿಂದಿನಿಂದ ರಕ್ತಬೀಜಾಸುರನ ಅಬ್ಬರ ಎದ್ದಿತೆಂದರೆ ಅಟ್ಟದ ಹಲಗೆಗಳು ನಡುಗುತ್ತವೆ. ನಿದ್ದೆಹೋದ ಮಕ್ಕಳು ಎದ್ದು ಕೂರುತ್ತವೆ. ವೇಷಗಳನ್ನು ಮಾತಾಡಿಸುವ ಸಾರಥಿ ಎದುರು ನಿಂತು, ನೀನಾರೆಂದು ಕೇಳುತ್ತಾನೆ.

ಈ ರಕ್ಕಸನಿಗೊಂದು ವರವಿದೆ. ಅವನ ನೆತ್ತರಿನ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಅವನಂಥವನೇ ಇನ್ನೊಬ್ಬ ಏಳುತ್ತಾನೆ. ಕಡಿದಷ್ಟೂ ಹೆಚ್ಚುವ ಈ ಕೇಡನ್ನು ಮುಗಿಸಲು ಕಾಳಿ ಬಾಯಿ ತೆರೆದು, ಹನಿ ನೆಲ ಮುಟ್ಟುವ ಮೊದಲೇ ಕುಡಿದುಬಿಡುತ್ತಾಳೆ. ಮಾರ್ಕಂಡೇಯ ಪುರಾಣದೊಳಗಿನ ದೇವಿ ಮಹಾತ್ಮೆಯ 13 ಅಧ್ಯಾಯಗಳಲ್ಲಿ 8ನೆಯದರ ಕಥೆ ಇದು.

ಇಲ್ಲಿ ನೆತ್ತರು ಕುಡಿಯುವವಳು ಕೇಡು ಕಳೆಯುವವಳು; ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ಹೊರತಂದ ‘ಡ್ರಾಕುಲಾ’ ಕಾದಂಬರಿಯಲ್ಲಿ ನೆತ್ತರು ಕುಡಿಯುವವನೇ ಕೇಡಿಗ. ಆದರೆ ಅವನಿಗೂ ನೆಲ ಬೇಕು. ತನ್ನ ನಾಡಿನ ಮಣ್ಣು ತುಂಬಿದ 50 ಪೆಟ್ಟಿಗೆಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿ, ಹಗಲು ಅವುಗಳಲ್ಲೇ ಅಡಗುತ್ತಾನೆ. ಅವನನ್ನು ಬೆನ್ನಟ್ಟಿದವರು ಮೊದಲು ಮಾಡುವ ಕೆಲಸ, ಪೆಟ್ಟಿಗೆಗಳನ್ನು ಹುಡುಕಿ ಒಂದೊಂದರಲ್ಲೂ ಪವಿತ್ರ ರೊಟ್ಟಿಯ ಚೂರಿಟ್ಟು, ಅಡಗುವ ತಾವು ಇಲ್ಲದಂತೆ ಮಾಡುವುದು. 49 ಪೆಟ್ಟಿಗೆಗಳು ಹೀಗೆ ಕೈತಪ್ಪಿದ ಮೇಲೆ, ಉಳಿದ ಒಂದರೊಂದಿಗೆ ಅವನು ಊರಿಗೆ ಓಡುತ್ತಾನೆ.

ತಳಕಿನ ಮನೆತನದ ತ.ರಾ.ಸುಬ್ಬರಾಯರಿಗೆ ‘ರಕ್ತರಾತ್ರಿ’ ಕಾದಂಬರಿ ಬರೆಯುವಾಗ ಪಿಶಾಚಿ ಬೇಕಾಗಲಿಲ್ಲ. ಚಿತ್ರದುರ್ಗದ ಗದ್ದುಗೆಯ ಆಸೆಯೇ ಅಲ್ಲಿ ಕೇಡು ಬೇರುಬಿಡುವ ನೆಲ.

ಕೇಡನ್ನು ಕಡಿದರೆ ಸಾಲದು, ಅದು ಮೊಳೆಯುವ ನೆಲವನ್ನೇ ತಪ್ಪಿಸಬೇಕು. ಭಯದ ಕಥೆಯನ್ನು ಒಬ್ಬರೇ ಕೂತು ಓದಬಹುದು; ಈ ಮಾತನ್ನು ಊರೆಲ್ಲ ಒಂದೇ ಕಂಬಳಿಯ ಮೇಲೆ ಕೂತು ಕೇಳುವುದು ಬಯಲಾಟದಲ್ಲಿ. ಈ ಸೀಮೆಯಲ್ಲಿ ಆಟವಿದೆಯೆಂದು ಕಿವಿಗೆ ಬಿದ್ದರೆ ಮಕ್ಕಳನ್ನೂ ಕರೆತನ್ನಿ, ಮಂಗಳ ಹಾಡುವವರೆಗೂ ಏಳಬೇಡಿ.