ರಾಗ ಎಲ್ಲರದು, ಹಾಡು ಯಾರದು?

ಬಾಂದ್ರಾದಲ್ಲಿ ಹುಟ್ಟಿ ಬೆಳೆದು, ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಲು ಹೊರಟ ಮಕ್ಕಳೇ, ಕನ್ನಡ ಓದಲು ತಡವರಿಸುವ ನಿಮಗೂ ‘ಕಾಂತಾರ’ದ ‘ವರಾಹ ರೂಪಂ’ ಬಾಯಿಪಾಠ. ಆ ಹಾಡಿನ ತಕರಾರು ಗೊತ್ತೇ?

2022ರ ಸೆಪ್ಟೆಂಬರ್ 30ರಂದು ಚಿತ್ರ ತೆರೆಕಂಡಿತು. ಇದು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ರಾಕ್ ತಂಡ ತೈಕ್ಕುಡಂ ಬ್ರಿಡ್ಜ್ ಅಕ್ಟೋಬರ್‌ನಲ್ಲೇ ಕೋಳಿಕ್ಕೋಡಿನ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ನವೆಂಬರ್‌ನಲ್ಲಿ ಚಿತ್ರ ಪ್ರೈಮ್‌ಗೆ ಬಂದಾಗ ಸಾಹಿತ್ಯ ಅದೇ, ಧಾಟಿ ಬೇರೆ! ಉಪ್ಪಿಲ್ಲದ ಸಾರಿನಂತಿತ್ತು, ಬಿಡಿ. ಮುಂದೆ ತಡೆ ತೆರವಾಗಿ ಮೊದಲಿನ ಧಾಟಿಯೇ ಮರಳಿತು.

ನಕಲು ಮಾಡಿಲ್ಲ, ಒಂದೇ ರಾಗಗಳಾದ್ದರಿಂದ ಹೋಲಿಕೆ ಎಂದರು ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್. ತೋಡಿ, ವರಾಳಿ ಯಾರ ಮನೆಯ ಆಸ್ತಿಯೂ ಅಲ್ಲ, ನಿಜ. ಆದರೆ ಆ ರಾಗದೊಳಗೆ ಗಿಟಾರ್ ಎಲ್ಲಿ ಮೊರೆಯಬೇಕು, ದನಿ ಎಲ್ಲಿ ಏರಬೇಕು ಎಂಬ ಜೋಡಣೆ ಒಬ್ಬರ ದುಡಿಮೆಯಲ್ಲವೇ? ಎರಡನ್ನೂ ಒಂದಾದ ಮೇಲೊಂದು ಕೇಳಿ, ನೀವೇ ಹೇಳಿ. ಪ್ರೇರಣೆ ಸಿಕ್ಕಿದ್ದರೆ ಹೆಸರು ಹಾಕುವುದರಿಂದ ಯಾರೂ ಸಣ್ಣವರಾಗುವುದಿಲ್ಲ ಎಂಬುದು ನನ್ನ ಮತ.

ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗೂ ಇದು ತಪ್ಪಲಿಲ್ಲ. ಅವರ ‘ಮೈ ಸ್ವೀಟ್ ಲಾರ್ಡ್’ ಹಳೆಯದೊಂದು ಹಾಡಿನ ಧಾಟಿಯೇ, ಆದರೆ ಅರಿವಿಲ್ಲದೆ ಆದದ್ದು ಎಂದು 1976ರಲ್ಲಿ ಅಮೆರಿಕದ ಕೋರ್ಟು ತೀರ್ಪಿತ್ತಿತು. ಅರಿವಿಲ್ಲದಿದ್ದರೂ ದಂಡ ಕಟ್ಟಬೇಕಾಯಿತು.